ಎಡಗಡೆ ಹಬ್ಬಿನ ಜೊತೆ ಮೂರು ವಾರ: 1976ರ ವೀಲ್ ಹಾರ್ಸ್

ನಮಸ್ಕಾರ. ಮತ್ತೆ ಅದೇ ಗ್ಯಾರೇಜು, ಅದೇ ಕೆಂಪು ಗಾಡಿ, ಹುಲ್ಲು ಕತ್ತರಿಸೋ ಪುಟ್ಟ ಗಾರ್ಡನ್ ಟ್ರ್ಯಾಕ್ಟರ್. ಹೋದ ಸಲ ಮುಂದಿನ ಭಾಗ ಮಾತ್ರ ತೋರಿಸಿದ್ದೆ. ಹಿಂದೆ ಹೇಗಿದೆ ಅಂತ ಈಗ ಕಾಣ್ತಿದೆ ನೋಡಿ. ಎಡ ಚಕ್ರದ ಒಳಮೈ ಪೂರ್ತಿ ಎಣ್ಣೆ, ಆ ಎಣ್ಣೆಗೆ ಹುಲ್ಲು ಮೆತ್ತಿಕೊಂಡು ಗಟ್ಟಿ ಹೆಂಟೆ ಆಗಿಬಿಟ್ಟಿದೆ.

ಹೊಸಬರಿಗೆ ಎರಡು ಮಾತು. ಇದು ವೀಲ್ ಹಾರ್ಸ್ ಸಿ-120, 1976ರದ್ದು. ಕೊಹ್ಲರ್ ಕೆ301 ಎಂಜಿನ್, ಒಂದೇ ಸಿಲಿಂಡರ್, 12 ಹಾರ್ಸ್‌ಪವರ್. ಹೌದು, ನಿಮ್ಮ ಬಾತ್‌ರೂಮಿನ ನಲ್ಲಿ ಮೇಲೆ ಬರೆದಿರತ್ತಲ್ಲ, ಅದೇ ಕೊಹ್ಲರ್. ನಾನಿರೋದು ಇಂಡಿಯಾನಾದ ಸೌತ್ ಬೆಂಡ್ ಹತ್ತಿರ, ಈ ಗಾಡಿ ಹುಟ್ಟಿದ್ದೂ ಅದೇ ಊರಲ್ಲಿ. 1946ರಲ್ಲಿ ಎಲ್ಮರ್ ಪಾಂಡ್ ಮತ್ತು ಅವರ ಮಗ ಸೆಸಿಲ್ ಶುರು ಮಾಡಿದ ಕೆಲಸ. 1974ರಲ್ಲಿ ಅಮೆರಿಕನ್ ಮೋಟರ್ಸ್ ಕೊಂಡುಕೊಳ್ತು, ಆಗ ಜೀಪ್ ಮಾಡ್ತಿದ್ದವರು ಅವರೇ. 1986ರಲ್ಲಿ ಟೋರೋ ಕೈಗೆ ಹೋಯ್ತು. ಹೆಸರಿನ ಅರ್ಥ ನನಗೆ ತುಂಬಾ ಇಷ್ಟ. ಸಾಲಾಗಿ ಕುದುರೆ ಕಟ್ಟಿದ ಬಂಡಿಯಲ್ಲಿ ಚಕ್ರದ ಪಕ್ಕದಲ್ಲೇ ಇರೋ ಕುದುರೆಗೆ ವೀಲ್ ಹಾರ್ಸ್ ಅಂತಾರೆ. ಹೆಚ್ಚಿನ ಭಾರ ಬೀಳೋದು ಅದರ ಹೆಗಲ ಮೇಲೆ.

ಈಗ ಗೇರ್‌ಬಾಕ್ಸಿನ ಎಣ್ಣೆ ಇಳಿಸ್ತಿದ್ದೀನಿ. ಆ ಬಣ್ಣ ನೋಡಿ, ಹಾಲು ಜಾಸ್ತಿಯಾದ ಕಾಫಿ ಥರ. ಒಳಗೆ ನೀರು ಹೋಗಿದೆ. ಗೇರ್ ಲಿವರ್ ಬುಡದಲ್ಲಿ ಒಂದು ರಬ್ಬರ್ ಟೋಪಿ ಇರತ್ತೆ, ಐವತ್ತು ವರ್ಷಕ್ಕೆ ಅದು ಸೀಳಿದೆ. ಗಾಡಿ ಮಳೆಯಲ್ಲಿ ನಿಂತಿತ್ತು, ನೀರು ಲಿವರ್ ಹಿಡಿದು ನೇರ ಒಳಗಿಳಿದಿದೆ. ಹಳೇ ಗಾಡಿ ಕೊಳ್ಳೋರು ಎಂಜಿನ್ ಸ್ಟಾರ್ಟ್ ಆಗತ್ತಾ ಅಂತ ಮಾತ್ರ ನೋಡ್ತಾರೆ. ಮೊದಲು ಗೇರ್ ಎಣ್ಣೆಯ ಬಣ್ಣ ನೋಡಿ ಸ್ವಾಮಿ. ನೀರು ತಳಕ್ಕೆ ಕೂತು ಬೇರಿಂಗಿಗೆ ತುಕ್ಕು ಹಿಡಿಸತ್ತೆ, ಇಲ್ಲಿಯ ಚಳಿಗೆ ಒಳಗೇ ಹೆಪ್ಪುಗಟ್ಟತ್ತೆ. ಸೀಮೆಎಣ್ಣೆ ಹಾಕಿ ಎರಡು ಸಲ ತೊಳೆದೆ. ಇದಕ್ಕೆ ಬೇಕಾಗಿರೋದು 90 ನಂಬರ್ ಗೇರ್ ಆಯಿಲ್, ಹತ್ತಿರ ಹತ್ತಿರ ಎರಡು ಲೀಟರ್.

ಸರಿ, ಹಬ್. ಈ ವಿಡಿಯೋ ಮೂರು ವಾರ ತಡ ಆಗಿದ್ದೇ ಇದರಿಂದ.

ಸೋರ್ತಿರೋದು ಆಕ್ಸಲ್ ಸೀಲ್, ಅಂದರೆ ಚಕ್ರದ ಅಚ್ಚಿನ ಸುತ್ತ ಎಣ್ಣೆ ಆಚೆ ಬರದ ಹಾಗೆ ತಡೆಯೋ ಬಳೆ. ಬೆಲೆ 11 ಡಾಲರ್, ಬದಲಾಯಿಸೋಕೆ ಐದು ನಿಮಿಷ ಸಾಕು. ಆದರೆ ಸೀಲ್ ಸಿಗಬೇಕಾದರೆ ಚಕ್ರ ಕೂರೋ ಹಬ್ ಆಚೆ ಬರಬೇಕು. ಬೀಡು ಕಬ್ಬಿಣದ ಹಬ್, ಉಕ್ಕಿನ ಆಕ್ಸಲ್. ನಡುವೆ ಒಂದು ಅರ್ಧಚಂದ್ರದ ಕೀಲಿ, ಮೇಲಿಂದ ಚೌಕ ತಲೆಯ ಒಂದು ಸ್ಕ್ರೂ. ಸ್ಕ್ರೂ ಬಂತು. ಹಬ್ ಕೂದಲೆಳೆಯಷ್ಟೂ ಅಲುಗಲಿಲ್ಲ.

ಸುತ್ತಿಗೆ ಏಟು ಕೊಡಬಾರದು ಅಂತ ಗೊತ್ತಿತ್ತು. ಆಕ್ಸಲ್ ತುದಿಗೆ ಹೊಡೆದರೆ ಏಟು ಒಳಗಿನ ಗೇರ್ ಕೇಸಿಗೆ ಹೋಗತ್ತೆ. ಹಾಗಾಗಿ ಹಿಡಿದು ಎಳೆಯೋ ಎರಡು ಕಾಲಿನ ಪುಲ್ಲರ್ ತಗೊಂಡು ಹಬ್ಬಿನ ಅಂಚಿಗೆ ಸಿಕ್ಕಿಸಿ ತಿರುಗಿಸಿದೆ. ತಿರುಗಿಸಿದೆ, ಇನ್ನೂ ತಿರುಗಿಸಿದೆ. ಚಟ್ ಅಂತು. ಬಂತು ಅಂದ್ಕೊಂಡೆ. ಬಂದಿದ್ದು ಹಬ್ಬಿನ ಅಂಚಿನ ಒಂದು ತುಂಡು, ಒಂದು ಬೋಲ್ಟಿನ ತೂತಿನ ಸಮೇತ. ಕ್ಯಾಮೆರಾ ಆಗ ಆಫ್ ಮಾಡಿಬಿಟ್ಟೆ. ಐವತ್ತು ವರ್ಷ ನೆಟ್ಟಗಿದ್ದ ಭಾಗ, ನನ್ನ ಅವಸರಕ್ಕೆ ಹೋಯ್ತು. ಅವತ್ತು ಊಟ ಸೇರಲಿಲ್ಲ.

ಆಮೇಲೆ ಹಳೇ ಹಬ್ ಹುಡುಕಾಟ. ಆನ್‌ಲೈನಿನಲ್ಲಿ ಒಬ್ಬರ ಹತ್ತಿರ ಸಿಕ್ತು. 45 ಡಾಲರ್, ಕಳಿಸೋಕೆ ಮತ್ತೆ 18. ಇವುಗಳ ಆಕ್ಸಲ್ ಎರಡು ಅಳತೆಯಲ್ಲಿ ಬರತ್ತೆ, ಒಂದು ಇಂಚು ಮತ್ತು ಒಂದೂಕಾಲಿಗೆ ಸ್ವಲ್ಪ ಕಮ್ಮಿ, ಅಂದರೆ ಒಂದು ಮತ್ತು ಎಂಟರಲ್ಲೊಂದು ಇಂಚು. ನನ್ನ ಎಂಟು ಗೇರಿನ ಗಾಡಿಗೆ ದಪ್ಪನೇದು. ನಾನು ಬರೆದು ಕೇಳಿದ್ದೆ, ಕ್ಯಾಲಿಪರ್ ಹಿಡಿದು ಫೋಟೋ ಕಳಿಸಿ ಅಂದಿದ್ದೆ. ‘ದಪ್ಪನೇದೇ, ಚಿಂತೆ ಬೇಡ’ ಅಂತ ಉತ್ತರ ಬಂತು, ಫೋಟೋ ಬರಲಿಲ್ಲ. ಒಂಬತ್ತು ದಿನದ ಮೇಲೆ ಡಬ್ಬ ಬಂತು, ಅಳೆದೆ, ಸರಿಯಾಗಿ ಒಂದು ಇಂಚು. ವಾಪಸ್ ತಗೊಳಲ್ಲ ಅಂದರು. 63 ಡಾಲರ್ ದೊಡ್ಡ ಮೊತ್ತ ಅಂತಲ್ಲ. ಕೈಯಲ್ಲಿರೋ ವಸ್ತು ಅಳೆಯೋಕೆ ಅರ್ಧ ನಿಮಿಷ ಬೇಕು, ಅಷ್ಟೂ ಮಾಡದೆ ಹೌದು ಅಂದರಲ್ಲ, ನನಗೆ ಕೋಪ ಬಂದಿದ್ದು ಅದಕ್ಕೆ. ಇನ್ನುಮೇಲೆ ಅಳತೆಯ ಫೋಟೋ ಇಲ್ಲದೆ ಒಂದು ನಟ್ಟನ್ನೂ ಕೊಳ್ಳಲ್ಲ. ಸರಿಯಾದ ಹಬ್ ಆಮೇಲೆ ಇಲ್ಲೇ ಹತ್ತಿರದ ಹಿರಿಯರೊಬ್ಬರ ಶೆಡ್ಡಿನಲ್ಲಿ ಸಿಕ್ತು. 20 ಡಾಲರ್, ಜೊತೆಗೆ ಒಂದು ಗಂಟೆ ಮಾತು.

ಅಷ್ಟಾದರೂ ಒಡೆದ ಹಬ್ ಇನ್ನೂ ಆಕ್ಸಲ್ ಮೇಲೇ ಇದೆ! ಊರಿಗೆ ಫೋನ್ ಮಾಡಿದಾಗ ಅಪ್ಪಯ್ಯನಿಗೆ ವಿಡಿಯೋದಲ್ಲಿ ತೋರಿಸಿದೆ. ತೀರ್ಥಹಳ್ಳಿ ಕಡೆ ನಮ್ಮ ತೋಟದಲ್ಲಿ ಟಿಲ್ಲರ್ ಬಿಚ್ಚಿ ಜೋಡಿಸೋದೆಲ್ಲ ಅವರೇ. ನೋಡಿದ ಕೂಡಲೇ, ‘ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹೆಂಗೆ ಹಾಕ್ತಿದ್ರು ಮಾರಾಯ? ಕಾಯಿಸಿದ್ರೆ ಅಗಲ ಆಗ್ತದೆ. ಹೊರಗಿಂದು ಕಾಯ್ಸು, ಒಳಗಿಂದು ಬಿಡು’ ಅಂದರು. ‘ಎಳ್ದು ಬಿಟ್ಟು ಮಲ್ಕೋ’ ಅಂತ ಬೇರೆ ಹೇಳಿದರು. ಮನೇಲಿ ಈ ಸಲ ಅಡಿಕೆಗೆ ಎಲೆಚುಕ್ಕಿ ಜಾಸ್ತಿಯಂತೆ, ಅದೇ ಮಾತು ಅರ್ಧ ಗಂಟೆ ನಡೀತು. ಮದ್ದು ಹೊಡೆಯೋಕೆ ಜನ ಸಿಗ್ತಿಲ್ಲ ಅಂತ... ಇರಲಿ, ಕ್ಯಾಮೆರಾ ಓಡ್ತಿದೆ.

ಇಲ್ಲಿ ಕಾಣೋದು ದಪ್ಪ ಉಕ್ಕಿನ ಪ್ಲೇಟ್. ಹಬ್ಬಿಗೆ ಐದು ಬೋಲ್ಟು, ನನ್ನದರಲ್ಲಿ ಉಳಿದಿರೋದು ನಾಲ್ಕು. ನಾಲ್ಕಕ್ಕೂ ಸಮ ಬಿಗಿದೆ, ನಡುವಿನ ಬೋಲ್ಟು ಆಕ್ಸಲ್ ತುದಿಗೆ ಒತ್ತತ್ತೆ. ಎಣ್ಣೆ ಇಳಿಸಿ ಆಗಿದೆ, ಸುತ್ತ ಒರೆಸಿದ್ದೀನಿ, ಬೆಂಕಿ ಆರಿಸೋ ಸಿಲಿಂಡರ್ ಪಕ್ಕದಲ್ಲೇ ಇದೆ. ಟಾರ್ಚಿನಿಂದ ಹಬ್ಬಿನ ಕುತ್ತಿಗೆ ಮಾತ್ರ ಕಾಯಿಸಿದೆ. ಬಿಗಿದೆ, ಆರೋಕೆ ಬಿಟ್ಟೆ, ಮತ್ತೆ ಕಾಯಿಸಿದೆ. ಮೂರು ಸಂಜೆ ಹೀಗೇ. ನಾಲ್ಕನೇ ಬೆಳಿಗ್ಗೆ ಅಡುಗೆಮನೇಲಿ ಕಾಫಿ ಸೋಸ್ತಿದ್ದೆ, ಗ್ಯಾರೇಜಿಂದ ಢಂ ಅಂತ ಸದ್ದು. ಓಡಿ ಬಂದು ನೋಡ್ತೀನಿ, ಹಬ್ ಅರ್ಧ ಇಂಚು ಆಚೆ ಬಂದು ಕೂತಿದೆ. ಅವತ್ತಿನ ಖುಷಿ ನನಗೆ ಹೇಳೋಕೆ ಬರಲ್ಲ.

ಸೀಲ್ ಹಾಕೋದು ನೀವೇ ನೋಡ್ತಿದ್ದೀರಿ. ಆಕ್ಸಲ್ಲಿನ ತುಕ್ಕನ್ನ ಮೊದಲು ನಯವಾದ ಉಜ್ಜುಕಾಗದದಿಂದ ತೆಗೆಯಿರಿ, ಇಲ್ಲದಿದ್ದರೆ ಹೊಸ ಸೀಲಿನ ತುಟಿ ಮೊದಲ ದಿನವೇ ಹರಿಯತ್ತೆ.

ಬಣ್ಣದ ವಿಷಯ ತುಂಬಾ ಜನ ಕೇಳಿದ್ದೀರಿ. ಹೋದ ತಿಂಗಳು ಬಣ್ಣ ಹೊಡೆಯಲ್ಲ ಅಂದಿದ್ದೆ. ಈಗ ಎಂಜಿನ್ ಮುಚ್ಚೋ ಹುಡ್ಡಿನ ಒಳಗೆ ತುಕ್ಕು ನೋಡಿದ ಮೇಲೆ ಹುಡ್ಡಿಗೆ ಹೊಡೀತೀನಿ, ಸೀಟಿನ ಕೆಳಗಿನ ಹಳೇ ಕೆಂಪು ಹಾಗೇ ಇರಲಿ. ಬಲಗಡೆ ಸೀಲ್ ಮುಟ್ಟಲ್ಲ, ಅದು ಸೋರ್ತಿಲ್ಲ.

ಎಂಜಿನ್ ಶುರು ಮಾಡೋ ಮುಂಚೆ ಆಯಿಲ್ ಕಡ್ಡಿ ನೋಡೋದು ಮರೀಬೇಡಿ. ಈ ಕೆ301ಗೆ ಆಯಿಲ್ ಪಂಪೇ ಇಲ್ಲ. ಪಿಸ್ಟನ್ನಿಗೆ ಸೇರಿದ ಕನೆಕ್ಟಿಂಗ್ ರಾಡಿನ ತುದಿಯ ಸಣ್ಣ ಚಮಚದಂಥ ಭಾಗ ಎಣ್ಣೆ ಎರಚುತ್ತೆ, ಅದೇ ಎಲ್ಲಾ. ಮಟ್ಟ ಇಳಿದು, ಗಾಡಿ ಇಳಿಜಾರಿನಲ್ಲಿ ನಿಂತರೆ ರಾಡೇ ಹೋಗತ್ತೆ. ಸ್ಪಾರ್ಕಿಗೆ ಕರೆಂಟ್ ಕಡಿಯೋ ಪಾಯಿಂಟಿನ ಗ್ಯಾಪ್ ಇಂಚಿನ ಸಾವಿರದಲ್ಲಿ 20 ಭಾಗ ಇಟ್ಟಿದ್ದೀನಿ. ಆ ಸದ್ದು ಕೇಳಿ, ಟಕ್ ಟಕ್ ಟಕ್ ಅಂತ ಎಷ್ಟು ನಿಧಾನ!

ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿದ್ದೆ. ಬೆಳಿಗ್ಗೆ ನೋಡಿದರೆ ಎಡಗಡೆ ಪೂರ್ತಿ ಒಣ. ಬಲಗಡೆ, ಇಲ್ಲಿ, ಒಂದು ಹನಿ. ಇನ್ನೊಂದು ಸೀಲಿಗೆ ಆರ್ಡರ್ ಹಾಕಿದ್ದೀನಿ, ಪ್ಲೇಟ್ ಹೇಗೂ ಇದೆ, ಆ ಕಡೆ ಐದೂ ಬೋಲ್ಟು ಉಳಿದಿದೆ. ಕ್ಯಾಮೆರಾ ಬ್ಯಾಟರಿ ಕೆಂಪು ತೋರಿಸ್ತಿದೆ, ಬರ್ತೀನಿ.