ವಾಚಲ್ಲಿ 21.1 ಆಯ್ತು, ಫಿನಿಶ್ ಎಲ್ರೀ? | ಮೊದಲ ಹಾಫ್ ಮ್ಯಾರಥಾನ್ ವ್ಲಾಗ್

ಬೆಳಗಿನ ಜಾವ ನಾಲ್ಕೂವರೆ, ಕಬ್ಬನ್ ಪಾರ್ಕ್ ಪಕ್ಕ. ಬಿಬ್, ಅಂದ್ರೆ ಎದೆ ಮೇಲಿನ ನಂಬರ್ ಚೀಟಿ, ಹಾಕೋದು ಕಾಣ್ತಿದೆಯಲ್ಲ, ಅದರ ಹಿಂದಿರೋ, ಟೈಮ್ ಅಳೆಯೋ ಚಿಪ್ ಮಾತ್ರ ಮಡಚಬೇಡಿ. ತೊಡೆ ಸಂದಿ, ಕಂಕುಳು, ಗಂಡಸರಾದ್ರೆ ಎದೆ ತೊಟ್ಟಿಗೂ ವ್ಯಾಸಲೀನ್, ಉಜ್ಜಿ ಉಜ್ಜಿ ಗಾಯ ಆಗದಿರ್ಲಿ ಅಂತ. ನಾಚಿಕೆ ಪಟ್ಕೊಂಡು ಬಿಟ್ರೆ, ಮನೆಗೆ ಹೋಗಿ ಮೈಮೇಲೆ ಬಿಸಿನೀರು ಹುಯ್ಕೊಂಡಾಗ ಗೊತ್ತಾಗುತ್ತೆ.

ಶೂನಲ್ಲಿ ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಇರ್ಲಿ. ಇಲ್ಲಾಂದ್ರೆ ಇಳಿಜಾರಲ್ಲಿ ಬೆರಳು ಗುದ್ದಿ ಗುದ್ದಿ ಉಗುರು ಕಪ್ಪಾಗುತ್ತೆ.

ಹಾ, ಸ್ಟಾರ್ಟ್! ನೋಡಿ ಆ ನೀಲಿ ಬನಿಯನ್, ಹಾವಿನ ಥರ ಸಂದಿಸಂದೀಲಿ ನುಗ್ತಿದಾರೆ. ಯಾಕ್ರೀ? ಚಿಪ್ ಟೈಮು ನೀವು ಸ್ಟಾರ್ಟ್ ಗೆರೇಲಿರೋ ಮ್ಯಾಟ್ ದಾಟಿದ ಮೇಲೇ ಶುರುವಾಗೋದು. ಹಾಗೆ ನುಗ್ಗೋದ್ರಿಂದ ದೂರ ಬೇರೆ ಜಾಸ್ತಿ.

ಈ ದೂರದ ರಗಳೆ ಸ್ವಲ್ಪ ಹೇಳ್ಲೇಬೇಕು. ಹಾಫ್ ಅಂದ್ರೆ 21.0975 ಕಿಲೋಮೀಟರ್. ಸರ್ಟಿಫೈಡ್ ಕೋರ್ಸ್, ಅಂದ್ರೆ ಅಳತೆಗೆ ಮಾನ್ಯತೆ ಸಿಕ್ಕಿರೋ ಓಟದ ದಾರಿ ಆದ್ರೆ, ಅದನ್ನ ಸೈಕಲ್ ಚಕ್ರಕ್ಕೆ ಕೌಂಟರ್ ಕೂರಿಸಿ ಅಳೀತಾರೆ. ತಿರುವಲ್ಲಿ ಅಂಚಿಂದ 30 ಸೆಂಟಿಮೀಟರ್ ಬಿಟ್ಟು, ಇರೋದ್ರಲ್ಲಿ ಅತೀ ಹತ್ತಿರದ ಗೆರೆ. ಅದರ ಮೇಲೆ, ಕಮ್ಮಿ ಬೀಳದಿರ್ಲಿ ಅಂತ ಸಾವಿರಕ್ಕೆ ಒಂದು ಪಾಲು, ಅಂದ್ರೆ ಸುಮಾರು 21 ಮೀಟರ್, ಸೇರಿಸ್ತಾರೆ. ನಾವು ಆ ಗೆರೆ ಮೇಲೆ ಓಡ್ತೀವಾ? ಇಲ್ಲ. ತಿರುವಲ್ಲಿ ಹೊರಗಡೆ, ನೀರಿನ ಟೇಬಲ್‌ಗೆ ಅಡ್ಡಡ್ಡ. ಜೊತೆಗೆ ಮರದ ಕೆಳಗೆ, ದೊಡ್ಡ ಕಟ್ಟಡಗಳ ಮಧ್ಯೆ ವಾಚಿನ ಜಿಪಿಎಸ್ ತಡವರಿಸುತ್ತೆ. ಕೊನೆಗೆ ವಾಚು 21.4 ಅನ್ನುತ್ತೆ, ಜನ ಆಯೋಜಕರನ್ನ ಬೈತಾರೆ.

ಬೈಯೋದು ಬಿಟ್ಟು ಲೆಕ್ಕ ನೋಡಿ. ಎರಡೂವರೆ ಗಂಟೇಲಿ ಮುಗಿಸ್ಬೇಕು ಅಂದ್ರೆ ಕಿಲೋಮೀಟರಿಗೆ 7 ನಿಮಿಷ 6 ಸೆಕೆಂಡ್. ವಾಚಲ್ಲಿ ಅದೇ ಪೇಸ್ ನೋಡ್ಕೊಂಡು 21.4 ಓಡಿದ್ರೆ ಸುಮಾರು ಎರಡು ನಿಮಿಷ ಲೇಟು! ಅದಕ್ಕೆ ವಾಚಲ್ಲಿ ಕಿಲೋಮೀಟರಿಗೆ 7 ನಿಮಿಷ ಹಿಡೀರಿ. ಇಲ್ಲಾ ಆಟೋ ಲ್ಯಾಪ್, ಅಂದ್ರೆ ವಾಚು ತಾನಾಗೇ ಕಿಲೋಮೀಟರ್ ಎಣಿಸೋದನ್ನ, ಆಫ್ ಮಾಡಿ, ಪ್ರತಿ ಕಿಲೋಮೀಟರ್ ಬೋರ್ಡ್ ಹತ್ರ ನೀವೇ ಬಟನ್ ಒತ್ತಿ. ಬೋರ್ಡನ್ನೇ ತಪ್ಪಾದ ಜಾಗದಲ್ಲಿ ನಿಲ್ಲಿಸಿದ್ರೆ? ಹಾ, ಅದೂ ಆಗುತ್ತೆ. ಒಂದು ಲ್ಯಾಪ್ ನೋಡಿ ಗಾಬರಿ ಬೇಡ, ಮೂರ್ನಾಲ್ಕು ಸೇರಿಸಿ ನೋಡಿ.

ಎಂಟನೇ ಕಿಲೋಮೀಟರ್. ಈ ಎನರ್ಜಿ ಜೆಲ್, ಅಂದ್ರೆ ಓಡ್ತಾ ನುಂಗೋ ಸಕ್ಕರೆ ಪಾಕದ ಪೊಟ್ಟಣ, ದುಡ್ಡು ದಂಡ, ಏಲಕ್ಕಿ ಬಾಳೆಹಣ್ಣೇ ಸಾಕು ಅನ್ನೋದು ನಮ್ಮ ಅಭಿಪ್ರಾಯ. ಆದ್ರೆ ನೋಡಿ, ಬೆವರಿದ ಕೈಲಿ ಸಿಪ್ಪೆ ಸುಲಿಯೋ ಅವಸ್ಥೆ! ಸರಿ, ಜೆಲ್ಲೇ ತಗೊಳ್ಳಿ, ಮುಕ್ಕಾಲು ಗಂಟೆಗೊಂದು, ಬರೀ ನೀರಿನ ಜೊತೆ. ಜೆಲ್ ಮೇಲೆ ಸಕ್ಕರೆ ಇರೋ ಎಲೆಕ್ಟ್ರೋಲೈಟ್ ಪಾನೀಯ ಕುಡಿದ್ರೆ ಸಕ್ಕರೆ ಜಾಸ್ತಿಯಾಗಿ ಹೊಟ್ಟೆ ತೊಳಸುತ್ತೆ. ಓಆರ್‌ಎಸ್ಸೂ ಅಷ್ಟೇ. ಲೀಟರ್ ಪ್ಯಾಕೆಟ್ಟನ್ನ ಅರ್ಧ ಲೀಟರ್ ಬಾಟಲಿಗೆ ಸುರಿದು ಕುಡಿಯೋರು ಇದಾರೆ, ಆಮೇಲೆ ಟಾಯ್ಲೆಟ್ ಹುಡುಕ್ತಾರೆ.

ಟಾಯ್ಲೆಟ್ ಅಂದ್ರೆ ನೆನಪಾಯ್ತು, ರೇಸ್ ದಿನ ತಿಂಡಿ ಬರೀ ಇಡ್ಲಿ, ಎರಡು ಗಂಟೆ ಮುಂಚೆ. ಚಟ್ನಿ ಬೇಡ್ವಾ ಅಂತ ಕೇಳ್ಬೇಡಿ. ಚಟ್ನಿ ಇಲ್ಲದ ಇಡ್ಲಿ ಒಂದು ಶಿಕ್ಷೆನೇ, ಒಪ್ತೀನಿ, ಅದರಲ್ಲೂ ಆ ಕಡಲೆ ಹಾಕಿ ಗಟ್ಟಿಯಾಗಿ ರುಬ್ಬಿದ್ದು...

ಅಯ್ಯೋ, ಫಿನಿಶ್ ಶಾಟ್ ಬಂದೇಬಿಡ್ತು! ಎಡಗಡೆ, ವಾಚಲ್ಲಿ 21.1 ಅಂತ ಫಿನಿಶ್ ಆರ್ಚಿಗೆ ಮುಂಚೆನೇ ನಿಂತುಬಿಟ್ಟಿದಾರೆ ನೋಡಿ. ಹೋಗಿ ಸ್ವಾಮಿ, ಮ್ಯಾಟು ಅಲ್ಲಿದೆ!