ಸಿಮೆಂಟಿಗಿ ರೈಲು, ತೊಗರಿಬ್ಯಾಳಿಗಿ ಲಾರಿ: ಹಿಂಗ್ಯಾಕ?

[ದೃಶ್ಯ: ವಾಡಿ ಜಂಕ್ಷನ್, ಮುಚ್ಚಿದ ವ್ಯಾಗನ್‌ಗಳ ಗೂಡ್ಸ್ ಗಾಡಿ]

ನಮಸ್ಕಾರ್ರಿ. ವಾಡಿ, ಮಳಖೇಡ, ಸೇಡಂ ಕಡೆ ಸಿಮೆಂಟು ರೈಲು ಹತ್ತಿ ಹೋಗ್ತದ. ಅಲ್ಲಿಂದ ಕಲಬುರಗಿ ಗಂಜಿಗಿ, ಅಂದ್ರ ಕಾಳಿನ ಮಾರುಕಟ್ಟಿಗಿ ಬಂದ್ರ, ತೊಗರಿಬ್ಯಾಳಿ ಲಾರಿ ಹತ್ತಿ ಹೋಗ್ತದ. ತೊಗರಿ ಕಣಜ ಅಂತ ಹೆಸರಾದ ಜಿಲ್ಲೆ, 2019ರಾಗ ಜಿಐ ಟ್ಯಾಗ್ ಪಡದ ಬೆಳಿ, ಊರಾಗೇ ಸ್ಟೇಷನ್ ಅದ. ಆದ್ರ ಬ್ಯಾಳಿ ಚೀಲ ಯಾಕ ರೈಲು ಹತ್ತಂಗಿಲ್ಲ?

ಭಾಳ ಮಂದಿ ಹಳಿ ಕಡಿಮಿ ಅದಕ್ಕ ಅಂತಾರ. ಹಳಿಗಿ ಕೊರತಿ ಇಲ್ರಿ. ಮುಂಬೈ–ಚೆನ್ನೈ ಮುಖ್ಯ ಮಾರ್ಗ ಕಲಬುರಗಿ, ವಾಡಿ, ಯಾದಗಿರಿ ಮ್ಯಾಲೇ ಹೋಗ್ತದ. ವಾಡಿಯಿಂದ ಸಿಕಂದರಾಬಾದಿಗಿ ಕವಲು ಅದ. ಬೀದರ್–ಕಲಬುರಗಿ ಮಾರ್ಗ 2017ರ ಅಕ್ಟೋಬರ್ 29ಕ್ಕ ಉದ್ಘಾಟನೆ ಆಯ್ತು. ಅದಕ್ಕೂ ಮೊದಲ ಬೀದರದವರು ರೈಲಿನ್ಯಾಗ ಕಲಬುರಗಿಗಿ ಬರಬೇಕಂದ್ರ ವಿಕಾರಾಬಾದ್, ತಾಂಡೂರು, ವಾಡಿ ಸುತ್ತಿ ಬರಬೇಕಿತ್ತು. ಅಡಚಣಿ ಇರೋದು ಬ್ಯಾರೆ ಕಡೆ.

[ದೃಶ್ಯ: ಗ್ರಾಫಿಕ್ಸ್, ಒಂದು ರೇಕ್]

ರೈಲ್ವೆಯವರು ಸರಕು ಗಾಡಿನ ರೇಕ್ ಲೆಕ್ಕದಾಗ ಕೊಡ್ತಾರ. ರೇಕ್ ಅಂದ್ರ ಪೂರಾ ಗಾಡಿ. ಬಿಸಿಎನ್‌ಎಚ್‌ಎಲ್ ಅನ್ನೋ ಮುಚ್ಚಿದ ವ್ಯಾಗನ್ ಆದ್ರ 58 ವ್ಯಾಗನ್, ಒಂದೊಂದ್ರಾಗ ಸುಮಾರು 70 ಟನ್ ಮಾಲು. ಒಟ್ಟು 4,000 ಟನ್ ದಾಟ್ತದ. 50 ಕೆಜಿ ಚೀಲ ಹಿಡದ್ರ 80,000 ಚೀಲ! ಗಾಡಿ ಉದ್ದ ಸುಮಾರು 640 ಮೀಟರ್.

ಈಗ ದಾಲ್ ಮಿಲ್ ಲೆಕ್ಕ ಹಾಕೋಣ. ದಿನಾ 20 ಟನ್ ತೊಗರಿ ಒಡೆಯೋ ಮಿಲ್ ಅಂತ ಹಿಡೀರಿ. ನೂರು ಕೆಜಿ ತೊಗರಿಗಿ ಸುಮಾರು 70 ಕೆಜಿ ಬ್ಯಾಳಿ, ಉಳದದ್ದು ಹೊಟ್ಟು, ನುಚ್ಚು. ದಿನಕ್ಕ 14 ಟನ್ ಬ್ಯಾಳಿ ಆಯ್ತು. ಈ ಮಿಲ್ಲು ಒಂದು ರೇಕ್ ತುಂಬಬೇಕಂದ್ರ 290 ದಿನ ಬೇಕು. ಪಾವ್ ಕಿಲೋ ಬ್ಯಾಳಿ ಕೇಳಿದವಗ ಗೋದಾಮೇ ತಗೋ ಅಂದಂಗ ಆಯ್ತು ಇದು.

ಲಾರಿ ನೋಡ್ರಿ. ಹತ್ತು ಗಾಲಿ ಲಾರಿಗಿ 2018ರ ನಿಯಮದ ಪ್ರಕಾರ ಒಟ್ಟು ತೂಕ 28.5 ಟನ್. ಗಾಡಿ ತೂಕ ಕಳದ್ರ ಸುಮಾರು 18 ಟನ್ ಮಾಲು. ಮಿಲ್ಲಿನ ಒಂದು ದಿನದ ಬ್ಯಾಳಿ, ಮ್ಯಾಲ ಸ್ವಲ್ಪ. ಮಿಲ್ಲಿನವರಿಗಿ ಬೇಕಾದ ಅಳತಿ ಇದೇ. ಸಂಜಿಕಡೆ ಭರ್ತಿ ಮಾಡಿ ಬಿಲ್ಟಿ, ಅಂದ್ರ ಸಾಗಾಟದ ಚೀಟಿ ಕೊಟ್ರ, ಮಾಲು ಸೀದಾ ಬೆಂಗಳೂರಿನ ವ್ಯಾಪಾರಿ ಬಾಗಿಲಿಗಿ ಇಳೀತದ.

ರೈಲ್ವೆಯಾಗ ಮಿನಿ ರೇಕ್ ಸೌಲತ್ತೂ ಅದ, ಕನಿಷ್ಠ 20 ವ್ಯಾಗನ್. ಹಳೇ ಬಿಸಿಎನ್ ವ್ಯಾಗನ್ ಹಿಡದ್ರ 1,250 ಟನ್ ಸುತ್ತಮುತ್ತ. ಮೂವತ್ತು ಮಿಲ್ಲಿನವರು ಕೂಡಿದ್ರ ಮೂರೇ ದಿನದಾಗ ತುಂಬ್ತದ. ಲೆಕ್ಕ ಸುಲಭ, ವ್ಯವಹಾರ ಸುಲಭ ಇಲ್ಲ. ಒಬ್ಬರ ಮಾಲು ಬೆಂಗಳೂರಿಗಿ, ಇನ್ನೊಬ್ಬರದು ಚೆನ್ನೈಗಿ, ಮತ್ತೊಬ್ಬರದು ಕೇರಳಕ್ಕ. ಒಬ್ಬರದು ಫಟ್ಕಾ ಅನ್ನೋ ಮ್ಯಾಲಿನ ದರ್ಜೆ ಬ್ಯಾಳಿ, ಒಬ್ಬರದು ಸಾದಾ. ಕೆಜಿಗಿ 100 ರೂಪಾಯಿ ಹಿಡದ್ರೂ 12 ಕೋಟಿಗಿಂತ ಹೆಚ್ಚಿನ ಮಾಲು ಒಂದೇ ಸಲಕ್ಕ ಶೆಡ್ಡಿನ್ಯಾಗ ಕೂಡಬೇಕು. ಅಷ್ಟರಾಗ ಧಾರಣಿ ಇಳದ್ರ ನಷ್ಟ ಯಾರದು?

[ದೃಶ್ಯ: ಗೂಡ್ಸ್ ಶೆಡ್, ಬೆನ್ನ ಮ್ಯಾಲ ಚೀಲ ಹೊತ್ತ ಹಮಾಲರು]

ಇಲ್ಲಿ ಸ್ವಲ್ಪ ನಿಲ್ಲೋಣ. ಚೀಲ ಎಷ್ಟು ಸಲ ಕೈ ಬದಲಾಗ್ತದ ಅನ್ನೋದು ನಮ್ಮ ಪ್ರಕಾರ ಎಲ್ಲಕ್ಕಿಂತ ದೊಡ್ಡ ವಿಷಯ. ಲಾರಿಯಾಗ ಕಳಿಸಿದ್ರ ಎರಡೇ ಸಲ: ಮಿಲ್ಲಿನ್ಯಾಗ ಏರ್ಸೋದು, ಅಂಗಡಿಯಾಗ ಇಳಸೋದು. ರೈಲಿನ್ಯಾಗ ಕಳಿಸಿದ್ರ ಎಣಿಸ್ರಿ: ಮಿಲ್ಲಿನ್ಯಾಗ ಲಾರಿಗಿ ಏರ್ಸು, ಗೂಡ್ಸ್ ಶೆಡ್ಡಿನ್ಯಾಗ ಇಳಸು, ವ್ಯಾಗನ್ನಿಗಿ ತುಂಬು, ಆ ಊರಾಗ ವ್ಯಾಗನ್ನಿಂದ ತಗಿ, ಮತ್ತ ಲಾರಿಗಿ ಏರ್ಸು, ಕಡೀಕ ಅಂಗಡಿಯಾಗ ಇಳಸು. ಆರು ಸಲ. ಪ್ರತಿ ಸಲಾನೂ ಹಮಾಲಿ ರೊಕ್ಕ. ಪ್ರತಿ ಸಲಾನೂ ಕೊಕ್ಕೆ ಹಾಕಿ ಎಳದ್ರ ಚೀಲ ಹರೀತದ, ಎತ್ತಿ ಒಗದ್ರ ಬ್ಯಾಳಿ ಅಂಚು ಮುರದು ನುಚ್ಚಾಗ್ತದ. ಅಂಚು ಮುರದ ಬ್ಯಾಳಿಗಿ ಗಿರಾಕಿ ರೇಟು ಕಡೀತಾನ. ರೈಲಿನ ಬಾಡಿಗಿಯಾಗ ಉಳದದ್ದು ಇಲ್ಲೇ ಕರಗ್ತದ.

ಸಿಮೆಂಟಿಗಿ ಈ ತ್ರಾಸೇ ಇಲ್ಲ. ಕಾರ್ಖಾನಿ ಒಳಗೇ ಸ್ವಂತ ಸೈಡಿಂಗ್, ಅಂದ್ರ ಗೂಡ್ಸ್ ಗಾಡಿ ಒಳಗ ಬರೋ ಹಳಿ ಇರ್ತದ. ಪ್ಯಾಕಿಂಗ್ ಮಷೀನಿನಿಂದ ಚೀಲ ಬೆಲ್ಟ್ ಮ್ಯಾಲ ಸೀದಾ ವ್ಯಾಗನ್ನಿಗಿ ಬರ್ತದ. ಒಬ್ಬನೇ ಮಾಲಕ, ಒಂದೇ ಮಾಲು.

ಇನ್ನ ಶೆಡ್ ಮಾತು. ರೇಕ್ ಬಂದು ನಿಂತ ಮ್ಯಾಲ ತುಂಬಲಿಕ್ಕ ಇಂತಿಷ್ಟೇ ತಾಸು ಅಂತ ಗಡುವು. ಅದು ಮೀರಿದ್ರ ವ್ಯಾಗನ್ನಿಗಿ ಇಷ್ಟು, ತಾಸಿಗಿ ಇಷ್ಟು ಅಂತ ಡೆಮರೇಜ್ ಅನ್ನೋ ದಂಡ. ಶೆಡ್ಡಿನ ಪ್ಲಾಟ್‌ಫಾರ್ಮ್ ಅರ್ಧ ರೇಕಿನಷ್ಟೇ ಉದ್ದ ಇದ್ರ ಗಾಡಿ ಎರಡು ತುಂಡು ಮಾಡಿ ಶಂಟಿಂಗ್ ಮಾಡಬೇಕು, ಅದಕ್ಕ ತಾಸುಗಟ್ಟಲೆ ಹೊತ್ತು. ಮ್ಯಾಲ ಪತ್ರಾ ಇಲ್ದ ಕಡೆ ಅಡ್ಡಮಳಿ ಬಂತಂದ್ರ ಬ್ಯಾಳಿ ಕೆಟ್ಟಂಗೇ.

[ದೃಶ್ಯ: ಮಿಲ್ ಅಂಗಳದಾಗ ಕಂಟೇನರ್]

ಹಂಗಾದ್ರ ದಾರಿ ಏನು? ಕಂಟೇನರ್. 20 ಅಡಿ ಡಬ್ಬಿಯಾಗ ಸುಮಾರು 25 ಟನ್ ಬ್ಯಾಳಿ ಹಿಡೀತದ, ಅಂದ್ರ ನಮ್ಮ ಮಿಲ್ಲಿನ ಎರಡು ದಿನದ ಮಾಲು. ಮಿಲ್ಲಿನ್ಯಾಗೇ ತುಂಬಿ ಸೀಲ್ ಹಾಕಿದ್ರ, ಮುಂದ ಕ್ರೇನು ಡಬ್ಬಿ ಎತ್ತತದ, ಚೀಲ ಯಾರೂ ಮುಟ್ಟಂಗಿಲ್ಲ. ಆರು ಸಲ ಇದ್ದದ್ದು ಮತ್ತ ಎರಡಕ್ಕ ಬಂತು. ಒಂದು ಕಂಟೇನರ್ ರೈಲಿಗಿ 45 ವ್ಯಾಗನ್, 90 ಡಬ್ಬಿ. ಯಾರ ಮಾಲು ಯಾರ ಮಾಲಿನ ಜೋಡಿನೂ ಕಲಿಯಂಗಿಲ್ಲ.

ಕೆಡೋದೂ ಅದ, ಅದನ್ನೂ ಹೇಳಬೇಕು. ಹಳೇ ಡಬ್ಬಿ ಒಳಗ ನಿಂತು ಬಾಗಿಲಾ ಮುಚ್ಚಿಸಿ ಮ್ಯಾಲ ನೋಡ್ರಿ. ಸೂಜಿಮೊನಿಯಷ್ಟು ಬೆಳಕು ಕಂಡ್ರೂ ಆ ಡಬ್ಬಿ ಬ್ಯಾಡ, ಮಳಿ ಅಲ್ಲಿಂದೇ ಇಳೀತದ. ಹಸಿ ಉಳದ ಬ್ಯಾಳಿ ತುಂಬಿದ್ರ ಹಗಲ ಕಾವಿಗಿ ಆವಿ ಎದ್ದು, ರಾತ್ರಿ ತಂಪಿಗಿ ಡಬ್ಬಿ ಮಾಳಿಗಿಂದ ಹನಿ ಬೀಳ್ತದ, ಮ್ಯಾಲಿನ ಸಾಲು ಬೂಷ್ಟು ಹಿಡೀತದ. ಅದಕ್ಕ ಚೆಂದಾಗಿ ಒಣಗಿಸಿ, ಗ್ವಾಡಿಗಿ ಖಾಕಿ ಕಾಗದ ಹಾಸಿ, ಹಸಿ ಹೀರೋ ಚೀಲ ತೂಗಹಾಕಿ ತುಂಬಬೇಕು.

ಇನ್ನೊಂದು ಬದಲಾವಣಿ ಅದ. 2021ರ ಮೇ ತಿಂಗಳಿಂದ ಕೇಂದ್ರ ಸರ್ಕಾರ ತೊಗರಿ ಆಮದಿನ ಮ್ಯಾಲಿನ ನಿರ್ಬಂಧ ತಗೀತು. ಮೊಜಾಂಬಿಕ್, ತಾಂಜಾನಿಯಾ, ಮಲಾವಿ, ಮ್ಯಾನ್ಮಾರ್ ತೊಗರಿ ಕಂಟೇನರಿನ್ಯಾಗ ಬಂದರಿಗಿ ಬರ್ತದ. ನಮ್ಮ ರಾಶಿ ಡಿಸೆಂಬರಿಂದ ಫೆಬ್ರುವರಿ. ಆಫ್ರಿಕಾದ ಮಾಲು ಅದಕ್ಕಿಂತ ಮೊದಲೇ, ನಮ್ಮ ಗಂಜು ಖಾಲಿ ಇದ್ದಾಗ ಬರ್ತದ. ರೈತರಿಗಿ ಧಾರಣಿ ಚಿಂತಿ, ಅದು ಖರೇ ಚಿಂತಿ. ಸಾಗಾಟದ ಕಣ್ಣಿಂದ ನೋಡಿದ್ರ, ಆ ಮಾಲು ಬಂದರಿನ ಬಾಜುಕೇ ಡಬ್ಬಿಯಿಂದ ಇಳದು ಲಾರಿ ಹತ್ತತದ. ಯಾಕಂದ್ರ ಖಾಲಿ ಡಬ್ಬಿ ಹಡಗು ಕಂಪನಿಗಿ ಗಡುವಿನೊಳಗ ವಾಪಸ್ ಮುಟ್ಟಬೇಕು, ತಡ ಆದ್ರ ದಿನದ ಲೆಕ್ಕದಾಗ ದಂಡ ಬೀಳ್ತದ. ಡಬ್ಬಿ ಇಳಸಿ ಏರ್ಸೋ ಯಾರ್ಡ್ ನಮ್ಮ ಕಡೆ ಇದ್ರ, ತೊಗರಿ ತಂದ ಡಬ್ಬಿನೇ ತಿರುಗಿ ತುಂಬಿ ಹೋಗಬಹುದು. ಖಾಲಿ ಓಡಾಟ ಉಳದ್ರ ಬಾಡಿಗಿ ಇಳೀತದ.

ಹೊತ್ತು ಆಯ್ತು, ಉಳದದ್ದು ಜಲ್ದಿ ಹೇಳ್ತೀವಿ. ರೈಲ್ವೆಯಾಗ ಕಲಬುರಗಿ ಸೊಲ್ಲಾಪುರ ವಿಭಾಗಕ್ಕ, ಯಾದಗಿರಿ ಗುಂತಕಲ್ ವಿಭಾಗಕ್ಕ, ಬೀದರ್ ಸಿಕಂದರಾಬಾದ್ ವಿಭಾಗಕ್ಕ ಸೇರ್ತಾವ. ಮೂರು ಜಿಲ್ಲೆ, ಮೂರು ವಿಭಾಗ, ಒಂದರ ಕಚೇರಿನೂ ಕರ್ನಾಟಕದಾಗಿಲ್ಲ. ಮೂರೂ ಜಿಲ್ಲೆ ಮಾಲು ಒಂದೇ ಯಾರ್ಡಿಗಿ ಕೂಡಿಸೋ ಯೋಜನಾ ಬರಬೇಕಂದ್ರ ಇದು ಅಡ್ಡ ಬರ್ತದ. ಖಾಸಗಿಯವರು ಟರ್ಮಿನಲ್ ಕಟ್ಟಲಿಕ್ಕ 2021ರ ಗತಿ ಶಕ್ತಿ ಕಾರ್ಗೋ ಟರ್ಮಿನಲ್ ನೀತಿ ಅದ. ಬ್ಯಾಳಿ ಒಂದರಿಂದಲೇ 90 ಡಬ್ಬಿ ದಿನಾ ತುಂಬಂಗಿಲ್ಲ, ಯಾದಗಿರಿ ಜಿಲ್ಲೆ ಕಡೇಚೂರಿನ ಔಷಧ ಕಾರ್ಖಾನಿ ಮಾಲು, ಕಲಬುರಗಿ ಜಿಲ್ಲೆ ಹೊನ್ನಕಿರಣಗಿ ಜವಳಿ ಪಾರ್ಕ್ ನಡೀಲಿಕ್ಕ ಹತ್ತಿದ್ರ ಅದರ ಬಟ್ಟಿ, ಎಲ್ಲಾ ಕೂಡಬೇಕು.

ಮಿಲ್ಲಿನವರ ಸಂಘಗಳಿಗಿ ಒಂದು ಕೆಲಸ ಅದ. ಯಾವ ಊರಿಗಿ ವಾರಕ್ಕ ಎಷ್ಟು ಟನ್ ಬ್ಯಾಳಿ ಹೋಗ್ತದ ಅಂತ ಬಿಲ್ಟಿ ನೋಡಿ ಒಂದು ಪಟ್ಟಿ ಮಾಡ್ರಿ, ಹೆಸರು ಬ್ಯಾಡ, ಊರು ಮತ್ತ ತೂಕ ಸಾಕು. ಟರ್ಮಿನಲ್ ಕಟ್ಟೋರು ಮೊದಲ ಕೇಳೋದು ಅದನ್ನೇ.