ಲೆಪರ್ಡ್ 2ಎ6 ಟ್ಯಾಂಕ್ ಕಿಟ್: ಬಣ್ಣಕ್ಕೂ ಮೊದಲು ಮಾಡೋ ಕೆಲಸ

ನಮಸ್ಕಾರ. ಮೇಜಿನ ಮೇಲಿರೋದು ಜರ್ಮನಿಯ ಲೆಪರ್ಡ್ 2ಎ6, 1/35 ಅಳತೆಯ ಪ್ಲಾಸ್ಟಿಕ್ ಕಿಟ್. ಹಿಂದಿನ 2ಎ5ರಲ್ಲಿ 120 ಎಂಎಂ ತೋಪಿನ ಬ್ಯಾರಲ್ 5.28 ಮೀಟರ್ ಉದ್ದ ಇತ್ತು, 2ಎ6ಗೆ ಬಂದಾಗ ಅದು 6.6 ಮೀಟರ್ ಆಯ್ತು. ಮಾಡೆಲ್‌ನಲ್ಲಿ ಹತ್ತಿರಹತ್ತಿರ 19 ಸೆಂಟಿಮೀಟರ್. ಬ್ಯಾರಲ್ ಸೇರಿ ಇಡೀ ಟ್ಯಾಂಕೇ 31 ಸೆಂಟಿಮೀಟರ್ ಇರೋವಾಗ, ನೋಡೋರ ಕಣ್ಣು ಮೊದಲು ಹೋಗೋದು ಬ್ಯಾರಲ್ ಕಡೆಗೇ. ಅಲ್ಲಿ ಜೋಡಣೆಯ ಗೆರೆ ಉಳಿದುಬಿಟ್ರೆ ಬಣ್ಣ ಅದನ್ನ ಮುಚ್ಚಲ್ಲ, ಇನ್ನೂ ಎತ್ತಿ ತೋರಿಸುತ್ತೆ.

ಮೊದಲು ಸ್ಪ್ರೂಗಳನ್ನ, ಅಂದ್ರೆ ಭಾಗಗಳು ಅಂಟಿಕೊಂಡಿರೋ ಪ್ಲಾಸ್ಟಿಕ್ ಚೌಕಟ್ಟುಗಳನ್ನ, ಪಾತ್ರೆ ತೊಳೆಯೋ ಸೋಪು ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಒಣಗಿಸಿ. ಅಚ್ಚಿನಿಂದ ಬಿಡಿಸೋಕೆ ಬಳಸಿದ ಎಣ್ಣೆ ಅಂಶ ಉಳಿದಿದ್ರೆ ಬಣ್ಣ ಹಿಡಿಯಲ್ಲ. ಭಾಗ ಕತ್ತರಿಸೋವಾಗ ಎರಡು ಸಲ ನಿಪ್ಪರ್ ಹಾಕಿ: ಮೊದಲು ಸ್ವಲ್ಪ ದೂರದಲ್ಲಿ, ಆಮೇಲೆ ಹತ್ತಿರ. ಒಂದೇ ಏಟಿಗೆ ಹತ್ತಿರ ಕತ್ತರಿಸಿದ್ರೆ ಪ್ಲಾಸ್ಟಿಕ್ ಬೆಳ್ಳಗಾಗಿ ಕಿತ್ತುಬರುತ್ತೆ.

ಈಗ ಬ್ಯಾರಲ್. ಎರಡು ಹೋಳಾಗಿ ಬಂದಿದ್ರೆ ಹೋಳುಗಳನ್ನ ಒತ್ತಿ ಹಿಡಿದು, ತೆಳು ಸಿಮೆಂಟ್ (ಪ್ಲಾಸ್ಟಿಕ್ ಕರಗಿಸಿ ಅಂಟಿಸೋ ದ್ರವ) ಇರೋ ಬ್ರಷ್ಷನ್ನ ಗೆರೆಗೆ ಮುಟ್ಟಿಸಿ ಸಾಕು, ಸಿಮೆಂಟ್ ತಾನಾಗೇ ಒಳಗೆ ಹರಿಯುತ್ತೆ. ಗೆರೆಯ ಮೇಲೆ ಮಾತ್ರ ಬೆರಳು ಇಡಬೇಡಿ. ಸಿಮೆಂಟ್ ಬೆರಳಿನಡಿಗೂ ಹರಿದು ಬೆರಳಚ್ಚು ಹಾಗೇ ಕೂತುಬಿಡುತ್ತೆ. ಮೆಲ್ಲಗೆ ಒತ್ತಿದಾಗ ಕರಗಿದ ಪ್ಲಾಸ್ಟಿಕ್ ಸಣ್ಣ ಏಣಿನ ಹಾಗೆ ಉಬ್ಬಿ ಬಂತಾ? ಅದೇ ಬೇಕಾಗಿರೋದು, ಸಂದಿ ತುಂಬಿತು ಅಂತ ಅರ್ಥ. ಒಂದು ಪೂರ್ತಿ ದಿನ ಮುಟ್ಟಬೇಡಿ. ಒಣಗೋಕೆ ಮೊದಲೇ ಉಜ್ಜಿದ್ರೆ ಆಮೇಲೆ ಪ್ಲಾಸ್ಟಿಕ್ ಕುಗ್ಗಿ, ಬಣ್ಣ ಹೊಡೆದ ಮೇಲೆ ಗೆರೆ ಮತ್ತೆ ಕಾಣಿಸಿಕೊಳ್ಳುತ್ತೆ.

ಮರುದಿನ ಆ ಏಣನ್ನ ಬ್ಲೇಡ್ ನೆಟ್ಟಗೆ ಹಿಡಿದು ಕೆರೆದು ತೆಗೀರಿ. ಆಮೇಲೆ 400, 600, 1000 ನಂಬರಿನ ಸ್ಯಾಂಡ್‌ಪೇಪರ್, ಇದೇ ಕ್ರಮದಲ್ಲಿ, ನೀರು ಹಾಕಿ. ಪೇಪರನ್ನ ಪಟ್ಟಿಯಾಗಿ ಕತ್ತರಿಸಿ ಬ್ಯಾರಲ್‌ಗೆ ಸುತ್ತಿ ಆಚೆ ಈಚೆ ಎಳೀಬೇಕು. ಚಪ್ಪಟೆಯಾಗಿ ಉಜ್ಜಿದ್ರೆ ಗುಂಡಗಿರೋ ಬ್ಯಾರಲ್ ಮೊಟ್ಟೆಯಾಕಾರ ಆಗುತ್ತೆ. ಶಾಖ ತಡೆಯೋ ಹೊದಿಕೆಯ ಮೇಲೆ ಉಂಗುರದಂಥ ಪಟ್ಟಿಗಳಿವೆಯಲ್ಲ, ಅದರ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಸುತ್ತಿ, ಆ ಅಂಚು ಸವೆಯದ ಹಾಗೆ ನೋಡಿಕೊಳ್ಳಿ. ಟೀವಿ ನೋಡ್ತಾ ಮಾಡೋ ಕೆಲಸ ಅಲ್ಲ ಇದು.

ಚಕ್ರಗಳು ಒಂದು ಬದಿಗೆ 7, ಪ್ರತಿಯೊಂದೂ ಜೋಡಿ, ಅಂದ್ರೆ ಒಟ್ಟು 28 ಬಿಲ್ಲೆಗಳ ಅಂಚು ಉಜ್ಜಬೇಕು. ಅದಕ್ಕಿಂತ ಮುಖ್ಯ ಚಕ್ರ ಹಿಡಿಯೋ ತೋಳುಗಳು. ಸಿಮೆಂಟ್ ಇನ್ನೂ ಮೆತ್ತಗಿರುವಾಗಲೇ ಚಕ್ರಗಳನ್ನ ಅಂಟಿಸದೆ ಸುಮ್ಮನೆ ಸಿಕ್ಕಿಸಿ, ಟ್ಯಾಂಕಿನ ಕೆಳಮೈಯನ್ನ ಗಾಜಿನ ಹಲಗೆ ಮೇಲೆ ಇಡಿ. ಯಾವುದಾದರೂ ಚಕ್ರ ಗಾಜಿಗೆ ಮುಟ್ಟದೆ ನಿಂತಿದ್ರೆ ಆಗಲೇ ತೋಳು ಸರಿಮಾಡಿ. 55 ಟನ್ ಮೀರಿದ ಟ್ಯಾಂಕಿನ ಒಂದು ಚಕ್ರ ಗಾಳಿಯಲ್ಲಿ ತೇಲಿದ್ರೆ ಆ ಭಾರವೇ ಕಾಣಲ್ಲ. ಟ್ರ್ಯಾಕಿನ ಮೇಲ್ಭಾಗ ಮುಚ್ಚೋ ಪಕ್ಕದ ಸ್ಕರ್ಟ್‌ಗಳನ್ನ ಈಗ ಅಂಟಿಸಬೇಡಿ. ಟ್ರ್ಯಾಕ್ ಹಾಕೋಕೆ ಜಾಗ ಬೇಕು. ಅವುಗಳ ಹಿಂದೆ ಮರೆಯಾಗೋ ಮೇಲಿನ ಟ್ರ್ಯಾಕಿಗೆ ಸೂಕ್ಷ್ಮ ಕೆಲಸವೂ ಬೇಕಿಲ್ಲ.

ಬಣ್ಣಕ್ಕೂ ಮೊದಲಿನ ಪದರ ಪ್ರೈಮರ್. ಅದರ ಕ್ಯಾನ್ ಸುಮಾರು 20 ಸೆಂಟಿಮೀಟರ್ ದೂರದಿಂದ, ತೆಳುವಾಗಿ ಎರಡು ಮೂರು ಸಲ. ತೀರಾ ದೂರ ಹಿಡಿದ್ರೆ ಬಣ್ಣ ಗಾಳಿಯಲ್ಲೇ ಒಣಗಿ ಮೈ ತರಿತರಿಯಾಗುತ್ತೆ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಲ್ಯಾಕರ್ ಸ್ಪ್ರೇ ಹೊಡೆಯೋವಾಗ ಎಚ್ಚರ. ಥಿನ್ನರ್ ಬೇಗ ಆರಿ ಮೈ ತಣ್ಣಗಾದಾಗ ತೇವ ಕೂತು ಬೆಳ್ಳಗೆ ಮಂಜು ಕಟ್ಟುತ್ತೆ. ಒಣ ದಿನಕ್ಕೆ ಕಾಯೋದೇ ಒಳ್ಳೇದು.

ಬಣ್ಣಕ್ಕೆ ಟಮಿಯಾ ಕಂಪನಿಯ ನ್ಯಾಟೋ ಹಸಿರು ಎಕ್ಸ್‌ಎಫ್-67, ಕಂದು 68, ಕಪ್ಪು 69. ಇದೇ ಕ್ರಮದಲ್ಲಿ, ತಿಳಿಯಿಂದ ಗಾಢಕ್ಕೆ. ಜರ್ಮನ್ ಸೇನೆಯ ಮರೆಮಾಚೋ ಬಣ್ಣದ ಮಚ್ಚೆಗಳಿಗೆ ನಿಗದಿತ ನಕ್ಷೆ ಇದೆ, ಮನಸ್ಸಿಗೆ ಬಂದ ಹಾಗೆ ಬಿಡಿಸೋದಲ್ಲ. ಏರ್‌ಬ್ರಷ್‌ಗೆ ಬಣ್ಣ ಥಿನ್ನರ್ ಸಮಸಮ, ಅಂಚಿಗೆ ಇನ್ನೂ ತೆಳು. ಕಪ್ಪಿಗೆ ಚೂರು ಬೂದು ಬೆರೆಸಿ, ಇಲ್ಲಾಂದ್ರೆ ಕಪ್ಪು ಜಾಗದ ಸಣ್ಣ ಬೋಲ್ಟುಗಳೆಲ್ಲ ಕಾಣದೇ ಹೋಗುತ್ತೆ.

ನೀರಲ್ಲಿ ನೆನೆಸಿ ಅಂಟಿಸೋ ಗುರುತು, ಅಂದ್ರೆ ಡಿಕಾಲ್‌ಗೆ ಮೊದಲು ಹೊಳಪಿನ ವಾರ್ನಿಶ್ ಕೋಟ್ ಬೇಕೇ ಬೇಕು. ಮ್ಯಾಟ್ ಮೈಮೇಲೆ ಹಾಕಿದ್ರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿ ಬೆಳ್ಳಿಯಾಗಿ ಹೊಳೆಯುತ್ತೆ. ಆಮೇಲೆ ಎನಾಮಲ್ ವಾಶ್, ಅಂದ್ರೆ ತುಂಬ ತೆಳು ಮಾಡಿದ ಗಾಢ ಬಣ್ಣ. ಅದನ್ನ ಸಂದಿಗಳಿಗೆ ಮಾತ್ರ ಬಿಡಿ. ಬಣ್ಣ ಕಾಣದ ಬರೀ ಪ್ಲಾಸ್ಟಿಕ್ಕಿಗೆ ಸುರಿದ್ರೆ, ಅದರಲ್ಲೂ ಎಳೆದು ಸಿಕ್ಕಿಸಿದ ಭಾಗಗಳಿಗೆ, ಥಿನ್ನರ್ ಇಳಿದು ಬಿರುಕು ಬಿಡುತ್ತೆ.

ಕೊನೆಗೆ ಮ್ಯಾಟ್ ವಾರ್ನಿಶ್. ಪೆರಿಸ್ಕೋಪ್ ಗಾಜುಗಳಿಗೆ ಕಪ್ಪು ಹಚ್ಚಿ ಮೇಲೊಂದು ತೊಟ್ಟು ಹೊಳಪಿನ ವಾರ್ನಿಶ್ ಇಡೋದು ಇದಾದ ಮೇಲೆ. ಮೊದಲೇ ಹಚ್ಚಿದ್ರೆ ಮ್ಯಾಟ್ ಅದರ ಹೊಳಪನ್ನೂ ತಿಂದುಹಾಕುತ್ತೆ.